84,43,675: ದೊಡ್ಡ ಸಂಖ್ಯೆಯೊಂದರ ಗುಣಗಳನ್ನು ಕಾಗದದ ಮೇಲೆ ಕಂಡುಕೊಳ್ಳುವ ಕ್ರಮ

2011ರ ಜನಗಣತಿಯ ಪ್ರಕಾರ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿದ್ದ ಜನಸಂಖ್ಯೆ 84,43,675. ಕಾವೇರಿ ನೀರಿನಿಂದ ಹಿಡಿದು ಮೆಟ್ರೋ ಮಾರ್ಗದವರೆಗೆ ಬೆಂಗಳೂರಿನ ಕುರಿತ ಯಾವ ಚರ್ಚೆಯಲ್ಲಾದರೂ ಈ ಸಂಖ್ಯೆ ‘ಸುಮಾರು ಎಂಬತ್ತನಾಲ್ಕು ಲಕ್ಷ’ ಎಂಬ ರೂಪದಲ್ಲಿ ಬಂದು ಹೋಗುತ್ತದೆ. ಕೊನೆಯ ಅಂಕಿಗಳನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ, ಆಡಳಿತದ ಕೆಲಸಕ್ಕೆ ಅವು ಬೇಕಾಗಿಯೂ ಇಲ್ಲ. ಅಂಕಗಣಿತಕ್ಕೆ ಮಾತ್ರ ಕೊನೆಯ ಅಂಕಿಯೂ ಮೊದಲ ಅಂಕಿಯಷ್ಟೇ ಮುಖ್ಯ. ಗಣತಿಯವರು ಇನ್ನೊಂದು ಹಸುಗೂಸನ್ನು ಹೆಚ್ಚಿಗೆ ಎಣಿಸಿದ್ದರೆ ಸಂಖ್ಯೆ 84,43,676 ಆಗಿ, ನಾಲ್ಕರಿಂದ ನಿಶ್ಶೇಷವಾಗಿ ಭಾಗವಾಗುವ, ಸಂಪೂರ್ಣವಾಗಿ ಬೇರೆಯೇ ಸ್ವಭಾವದ ಸಂಖ್ಯೆಯಾಗುತ್ತಿತ್ತು. ಆದ್ದರಿಂದ ಮುಂದೆ ಹೇಳುವ ಯಾವ ಗುಣವೂ ಊರಿನ ಬಗ್ಗೆ ಏನನ್ನೂ ತಿಳಿಸುವುದಿಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸುವುದು ಒಳ್ಳೆಯದು. ಏಳು ಅಂಕಿಗಳ ಒಂದು ಸಂಖ್ಯೆಯನ್ನು ಪೆನ್ಸಿಲ್ ಹಿಡಿದು ಹೇಗೆ ಪರಿಶೀಲಿಸಬೇಕು, ಯಾವ ಪ್ರಶ್ನೆಯನ್ನು ಮೊದಲು ಕೇಳಬೇಕು, ಯಾವುದನ್ನು ಕೊನೆಗೆ ಇಟ್ಟುಕೊಳ್ಳಬೇಕು ಎಂಬುದಷ್ಟೇ ಇಲ್ಲಿಯ ವಿಷಯ.

ಇದಕ್ಕೆ ಅವೆನ್ಯೂ ರಸ್ತೆಯಲ್ಲಿ ಸಿಗುವ ಒಂದು ಸಾಧಾರಣ ನೋಟ್‌ಬುಕ್, ಪೆನ್ಸಿಲ್ ಮತ್ತು ನೂರರೊಳಗಿನ ಅವಿಭಾಜ್ಯ ಸಂಖ್ಯೆಗಳ ಪಟ್ಟಿ ಸಾಕು. ಕ್ಯಾಲ್ಕುಲೇಟರನ್ನು ಕೊನೆಯಲ್ಲಿ ತಾಳೆ ನೋಡುವುದಕ್ಕೆ ಬಳಸಿದರೆ ತಪ್ಪಿಲ್ಲ. ಮೊದಲೇ ಬಳಸಿದರೆ ಉತ್ತರ ಬೇಗ ಸಿಗುತ್ತದೆ, ಆದರೆ ಅದು ಏಕೆ ಹಾಗೆ ಬಂತು ಎಂಬುದು ಸಿಗುವುದಿಲ್ಲ.

ಬಹುತೇಕ ಎಲ್ಲರೂ ನೇರವಾಗಿ ಅಪವರ್ತನಗಳನ್ನು ಹುಡುಕಲು ಹೊರಡುತ್ತಾರೆ. ಅದಕ್ಕಿಂತ ಮೊದಲು ಸಣ್ಣ ಸಂಖ್ಯೆಗಳಿಂದ ಭಾಗಿಸಿದಾಗ ಉಳಿಯುವ ಶೇಷಗಳನ್ನು ಬರೆದುಕೊಳ್ಳುವುದು ಜಾಣತನ. ‘7ರಿಂದ ಭಾಗವಾಗುವುದಿಲ್ಲ’ ಎಂದು ಬರೆದರೆ ಅಲ್ಲಿಗೆ ವಿಷಯ ಮುಗಿಯುತ್ತದೆ. ‘7ರಿಂದ ಭಾಗಿಸಿದರೆ ಶೇಷ 2’ ಎಂದು ಬರೆದುಕೊಂಡರೆ ಅದು ಮುಂದೆ ಹಲವು ಕಡೆ ನೆರವಿಗೆ ಬರುತ್ತದೆ. ಕೊನೆಯ ಅಂಕಿ 5 ಆದ್ದರಿಂದ ನಮ್ಮ ಸಂಖ್ಯೆ ಬೆಸ. ನೂರು ನಾಲ್ಕರ ಗುಣಕವಾಗಿರುವುದರಿಂದ 4ರ ಶೇಷಕ್ಕೆ ಕೊನೆಯ ಎರಡು ಅಂಕಿಗಳಾದ 75 ಸಾಕು: ಶೇಷ 3. ಸಾವಿರವು ಎಂಟರ ಗುಣಕವಾಗಿರುವುದರಿಂದ 8ರ ಶೇಷಕ್ಕೆ 675 ಸಾಕು: ಅಲ್ಲಿಯೂ ಶೇಷ 3. ಅಂಕಿಗಳ ಮೊತ್ತ 8+4+4+3+6+7+5, ಅಂದರೆ 37. ಅದನ್ನು 9ರಿಂದ ಭಾಗಿಸಿದರೆ ಶೇಷ 1, 3ರಿಂದ ಭಾಗಿಸಿದರೂ 1.

7, 11 ಮತ್ತು 13ಕ್ಕೆ ಪ್ರತ್ಯೇಕ ನಿಯಮಗಳನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ, ಏಕೆಂದರೆ ಮೂರನ್ನೂ ಗುಣಿಸಿದರೆ 1001 ಬರುತ್ತದೆ. ಸಾವಿರಕ್ಕಿಂತ ಒಂದೇ ಹೆಚ್ಚಿರುವ ಈ ಸಂಖ್ಯೆಯ ದೃಷ್ಟಿಯಲ್ಲಿ 1000 ಎಂದರೆ −1 ಇದ್ದ ಹಾಗೆ. ಆದ್ದರಿಂದ ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ, ಒಂದನ್ನು ಕೂಡಿಸುತ್ತ ಮತ್ತೊಂದನ್ನು ಕಳೆಯುತ್ತ ಹೋದರೆ ಸಾಕು. ಇಲ್ಲಿ ಒಂದು ಎಚ್ಚರಿಕೆ ಬೇಕು. ನಾವು ಲಕ್ಷ, ಕೋಟಿಗಳ ಲೆಕ್ಕದಲ್ಲಿ 84,43,675 ಎಂದು ಅಲ್ಪವಿರಾಮ ಹಾಕುವುದರಿಂದ ಕಣ್ಣು ತಾನಾಗಿಯೇ 84, 43, 675 ಎಂದು ಒಡೆಯುತ್ತದೆ. ಅದನ್ನು 8, 443, 675 ಎಂದು ಹೊಸದಾಗಿ ಬರೆದುಕೊಳ್ಳದೆ ಮುಂದುವರಿಯಬಾರದು. 675 − 443 + 8 = 240. ಈ 240ನ್ನು 7ರಿಂದ ಭಾಗಿಸಿದರೆ ಶೇಷ 2, 11ರಿಂದ 9, 13ರಿಂದ 6. ಒಂದೇ ಕಳೆಯುವಿಕೆಯಲ್ಲಿ ಮೂರು ಉತ್ತರಗಳು ಸಿಕ್ಕವು. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯರು 27994681ನ್ನು 441ರಿಂದ ಗುಣಿಸಿ ಹಾರದಂತೆ ಎರಡೂ ಕಡೆಯಿಂದ ಒಂದೇ ರೀತಿ ಓದಿಸಿಕೊಳ್ಳುವ 12345654321ನ್ನು ಪಡೆಯುವ ಲೆಕ್ಕವನ್ನು ಕೊಟ್ಟಿದ್ದಾರೆ. ಆ ಹಾರವು 111111ರ ವರ್ಗ. 111111 ಎಂದರೆ 111 × 1001. ಹಾರದ ಸೊಬಗಿನ ಹಿಂದೆಯೂ 7, 11, 13 ಎಂಬ ಈ ಮೂರು ಸಂಖ್ಯೆಗಳೇ ಇವೆ.

ಶೇಷಗಳ ಪಟ್ಟಿ ಸಿದ್ಧವಾದ ಮೇಲೆ ಅದರಿಂದ ಏನನ್ನು ತಿಳಿಯಬಹುದು ಎಂದು ನೋಡಬೇಕು. ಯಾವುದೇ ಪೂರ್ಣ ವರ್ಗವನ್ನು 4ರಿಂದ ಭಾಗಿಸಿದರೆ ಶೇಷ 0 ಅಥವಾ 1 ಮಾತ್ರ ಬರುತ್ತದೆ: ಸಮ ಸಂಖ್ಯೆಯ ವರ್ಗಕ್ಕೆ 0, ಬೆಸ ಸಂಖ್ಯೆಯ ವರ್ಗಕ್ಕೆ 1. ನಮ್ಮ ಸಂಖ್ಯೆಯ ಶೇಷ 3. ಹಾಗಾಗಿ ಅದು ಪೂರ್ಣ ವರ್ಗವಲ್ಲ. ವರ್ಗಮೂಲ ತೆಗೆದು ನೋಡುವ ಪ್ರಮೇಯವೇ ಇಲ್ಲ. ಅಷ್ಟೇ ಅಲ್ಲ, ಎರಡು ವರ್ಗಗಳನ್ನು ಕೂಡಿಸಿದಾಗ ಬರಬಹುದಾದ ಶೇಷಗಳು 0, 1, 2 ಮಾತ್ರ ಆದ್ದರಿಂದ ಇದು ಯಾವ ಎರಡು ವರ್ಗಗಳ ಮೊತ್ತವೂ ಅಲ್ಲ. ಲಕ್ಷಾಂತರ ಜೋಡಿಗಳನ್ನು ಪರೀಕ್ಷಿಸಬೇಕಾಗಿದ್ದ ಪ್ರಶ್ನೆ ಕೊನೆಯ ಎರಡು ಅಂಕಿಗಳಿಂದ ತೀರ್ಮಾನವಾಯಿತು. ಮೂರು ವರ್ಗಗಳ ಮೊತ್ತವಾಗಬಹುದೇ? ಬೆಸ ಸಂಖ್ಯೆಯೊಂದನ್ನು 8ರಿಂದ ಭಾಗಿಸಿದಾಗ ಶೇಷ 7 ಬಾರದಿದ್ದರೆ ಅದನ್ನು ಮೂರು ವರ್ಗಗಳ ಮೊತ್ತವಾಗಿ ಬರೆಯಲು ಖಂಡಿತ ಸಾಧ್ಯ ಎಂಬುದು ಲೆಜಾಂಡ್ರ್ ಮತ್ತು ಗಾಸ್ ಅವರ ಕಾಲದಿಂದ ತಿಳಿದಿರುವ ಪ್ರಮೇಯ. ನಮ್ಮ ಶೇಷ 3, ಆದ್ದರಿಂದ ಸಾಧ್ಯ. ಆ ಮೂರು ವರ್ಗಗಳು ಯಾವುವು ಎಂಬುದನ್ನು ಪ್ರಮೇಯ ಹೇಳುವುದಿಲ್ಲ. ಅದಕ್ಕೆ ಸಂಖ್ಯೆಯನ್ನು ಬಿಡಿಸಬೇಕು.

ಈ ಹಂತದಲ್ಲಿ ಒಂದು ಭೇದವನ್ನು ಗಮನಿಸಬೇಕು. ಅಂಕಿಗಳ ಮೊತ್ತ 37 ಎಂಬುದು ಸಂಖ್ಯೆಯ ಗುಣವಲ್ಲ, ಅದನ್ನು ದಶಮಾನದಲ್ಲಿ ಬರೆಯುವ ರೀತಿಯ ಗುಣ. 9ರಿಂದ ಭಾಗಿಸಿದರೆ ಶೇಷ 1 ಎಂಬುದು ಸಂಖ್ಯೆಯದೇ ಗುಣ. ಯಾವ ಪದ್ಧತಿಯಲ್ಲಿ ಬರೆದರೂ ಅದು ಬದಲಾಗದು. ಸಂಖ್ಯೆಗಳ ‘ವಿಶೇಷ’ಗಳೆಂದು ಹಂಚಿಕೊಳ್ಳಲಾಗುವ ಸಂಗತಿಗಳಲ್ಲಿ ಹೆಚ್ಚಿನವು ಮೊದಲನೆಯ ಬಗೆಯವು, ಮತ್ತು ನನ್ನ ಅಭಿಪ್ರಾಯದಲ್ಲಿ ಅವುಗಳಿಗೆ ಸಿಗುವ ಗೌರವ ಸ್ವಲ್ಪ ಹೆಚ್ಚೇ ಆಯಿತು. ದ್ವಿಮಾನ ಪದ್ಧತಿಯಲ್ಲಿ ನಮ್ಮ ಸಂಖ್ಯೆ 10000000 11010111 00011011 ಎಂದಾಗುತ್ತದೆ, ಅಂದರೆ ಸರಿಯಾಗಿ ಮೂರು ಬೈಟ್‌ಗಳಲ್ಲಿ ಹಿಡಿಯುತ್ತದೆ. ಅದರಲ್ಲಿ ಹನ್ನೊಂದು ಒಂದುಗಳಿವೆ. ಇದೂ ಬರವಣಿಗೆಯ ಗುಣವೇ ಆದ್ದರಿಂದ ಇಲ್ಲಿಗೆ ಬಿಡೋಣ.

ಈಗ ಅಪವರ್ತನ. ಸಂಖ್ಯೆಯ ವರ್ಗಮೂಲ 2905 ಮತ್ತು 2906ರ ನಡುವೆ ಇರುವುದರಿಂದ, ಏನೂ ತಿಳಿಯದೆ ಆರಂಭಿಸಿದರೆ 2905ರವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕಾಗಬಹುದು. ಆದರೆ 75ರಲ್ಲಿ ಕೊನೆಗೊಳ್ಳುವ ಸಂಖ್ಯೆ 25ರಿಂದ ಭಾಗವಾಗುತ್ತದೆ. ನಾಲ್ಕರಿಂದ ಗುಣಿಸಿ ಎರಡು ಸೊನ್ನೆ ತೆಗೆದರೆ 25ರ ಭಾಗಲಬ್ಧ ಸಿಗುತ್ತದೆ: 337747. ಇದರ ವರ್ಗಮೂಲ 581 ಚಿಲ್ಲರೆ. ಪರೀಕ್ಷಿಸಬೇಕಾದ ಪಟ್ಟಿ ಒಮ್ಮೆಲೇ 581ರೊಳಗಿನ 106 ಅವಿಭಾಜ್ಯಗಳಿಗೆ ಇಳಿಯಿತು. ಒಂದು ಅಪವರ್ತನ ಸಿಕ್ಕ ಕೂಡಲೇ ಅದನ್ನು ಹೊರತೆಗೆದು, ಉಳಿದದ್ದರ ವರ್ಗಮೂಲವನ್ನು ಹೊಸದಾಗಿ ಅಂದಾಜು ಮಾಡುವ ಅಭ್ಯಾಸವನ್ನು ಯಾವ ಕಾರಣಕ್ಕೂ ಬಿಡಬಾರದು. ಹಿಂದೆ ಬರೆದುಕೊಂಡ ಶೇಷಗಳು ಈಗ ಕೆಲಸಕ್ಕೆ ಬರುತ್ತವೆ: 3, 7, 11, 13ರಿಂದ ಮೂಲ ಸಂಖ್ಯೆಯೇ ಭಾಗವಾಗದಿದ್ದ ಮೇಲೆ ಅದರ ಅಪವರ್ತನವಾದ 337747 ಭಾಗವಾಗಲು ಸಾಧ್ಯವಿಲ್ಲ. ಇದು 5ರಿಂದಲೂ ಭಾಗವಾಗದೆಂದು ಕೊನೆಯ ಅಂಕಿಯೇ ಹೇಳುತ್ತದೆ. ಹಾಗಾಗಿ 17ರಿಂದ ಆರಂಭಿಸಬಹುದು.

17 ಮತ್ತು ಅದಕ್ಕಿಂತ ದೊಡ್ಡ ಅವಿಭಾಜ್ಯಗಳಿಗೆ ದೀರ್ಘ ಭಾಗಾಕಾರ ಮಾಡುವುದು ಬೇಸರದ ಕೆಲಸ. ಅದರ ಬದಲು ಕೊನೆಯ ಅಂಕಿಯನ್ನು ಕತ್ತರಿಸುವ ಒಂದು ಉಪಾಯವಿದೆ. ಅವಿಭಾಜ್ಯದ ಗುಣಕಗಳಲ್ಲಿ 1 ಅಥವಾ 9ರಲ್ಲಿ ಕೊನೆಗೊಳ್ಳುವ ಒಂದನ್ನು ಹುಡುಕಿಕೊಳ್ಳಿ. 17ಕ್ಕೆ 51 ಇದೆ. 51ರಲ್ಲಿ ಕೊನೆಯ 1ನ್ನು ಬಿಟ್ಟರೆ 5. ಆದ್ದರಿಂದ ಸಂಖ್ಯೆಯ ಕೊನೆಯ ಅಂಕಿಯನ್ನು ಕತ್ತರಿಸಿ, ಅದರ ಐದು ಪಟ್ಟನ್ನು ಉಳಿದ ಭಾಗದಿಂದ ಕಳೆಯಬೇಕು. 33774 − 35 = 33739; 3373 − 45 = 3328; 332 − 40 = 292; 29 − 10 = 19. ಹತ್ತೊಂಬತ್ತು ಹದಿನೇಳರ ಮಗ್ಗಿಯಲ್ಲಿಲ್ಲ, ಆದ್ದರಿಂದ 17 ಅಪವರ್ತನವಲ್ಲ. ಗುಣಕವು 9ರಲ್ಲಿ ಕೊನೆಗೊಂಡರೆ ಕಳೆಯುವ ಬದಲು ಕೂಡಿಸಬೇಕು: 23ಕ್ಕೆ 69 ಇರುವುದರಿಂದ ಏಳು ಪಟ್ಟು ಕೂಡಿಸುವುದು, 29ಕ್ಕೆ ಮೂರು ಪಟ್ಟು ಕೂಡಿಸುವುದು, 31ಕ್ಕೆ ಮೂರು ಪಟ್ಟು ಕಳೆಯುವುದು. ಈ ಉಪಾಯ ಭಾಗವಾಗುತ್ತದೆಯೋ ಇಲ್ಲವೋ ಎಂಬುದನ್ನಷ್ಟೇ ಹೇಳುತ್ತದೆ. ಕೊನೆಯಲ್ಲಿ ಉಳಿಯುವ ಅಂಕಿಯನ್ನು ನಿಜವಾದ ಶೇಷವೆಂದು ಭಾವಿಸಿ ಪಟ್ಟಿಯಲ್ಲಿ ಬರೆದುಕೊಳ್ಳಬಾರದು.

ಹೀಗೆ 19, 23, 29, 31, 37, 41, 43, 47, 53, 59, 61 ಎಲ್ಲವೂ ಬಿದ್ದುಹೋಗುತ್ತವೆ. ಈ ಭಾಗ ನಿಧಾನ, ಮತ್ತು ಅದನ್ನು ಚುರುಕುಗೊಳಿಸುವ ದಾರಿ ಇಲ್ಲ. 67ಕ್ಕೆ ಬಂದಾಗ 67 × 3 = 201 ಎಂಬುದು ಕೈಹಿಡಿಯುತ್ತದೆ: ಕೊನೆಯ ಅಂಕಿಯ ಇಪ್ಪತ್ತು ಪಟ್ಟನ್ನು ಕಳೆಯಬೇಕು. 33774 − 140 = 33634; 3363 − 80 = 3283; 328 − 60 = 268. ಇದು ಅರವತ್ತೇಳು ನಾಲ್ಕಲೇ 268. ಹತ್ತೊಂಬತ್ತನೆಯ ಅವಿಭಾಜ್ಯದಲ್ಲಿ ಬಾಗಿಲು ತೆರೆಯಿತು. ಈಗ ನಿಜವಾದ ಭಾಗಾಕಾರ ಮಾಡಿದರೆ 337747 ÷ 67 = 5041.

ಉಳಿದ 5041ರಲ್ಲಿ 67ಕ್ಕಿಂತ ಚಿಕ್ಕ ಅವಿಭಾಜ್ಯ ಯಾವುದೂ ಇರಲಾರದು, ಏಕೆಂದರೆ ಅವನ್ನೆಲ್ಲ ಈಗಾಗಲೇ ತಳ್ಳಿಹಾಕಿದ್ದೇವೆ. 70ರ ವರ್ಗ 4900 ಆದ್ದರಿಂದ 5041ರ ವರ್ಗಮೂಲ 70ರ ಆಸುಪಾಸಿನಲ್ಲಿದೆ. ನೋಡಬೇಕಾದ್ದು 67 ಮತ್ತು 71 ಮಾತ್ರ. 67ರಿಂದ ಭಾಗಿಸಿದರೆ ಶೇಷ 16. 71ರ ವರ್ಗವೇ 5041. ಆದ್ದರಿಂದ 84,43,675 = 5² × 67 × 71², ಇನ್ನೊಂದು ರೀತಿಯಲ್ಲಿ ಬರೆದರೆ 67 × 355².

ಮುಂದೆ ಹೋಗುವ ಮೊದಲು ತಾಳೆ ನೋಡಿ. 25, 67, 5041 ಇವುಗಳನ್ನು 9ರಿಂದ ಭಾಗಿಸಿದರೆ ಶೇಷ ಕ್ರಮವಾಗಿ 7, 4, 1; ಗುಣಲಬ್ಧ 28, ಅದರ ಶೇಷ 1. ಆರಂಭದಲ್ಲಿ ಬರೆದುಕೊಂಡದ್ದೂ 1. 11ರಿಂದ ಭಾಗಿಸಿದರೆ 3, 1, 3. ಗುಣಲಬ್ಧ 9, ಆರಂಭದ ಶೇಷವೂ 9. ಅಂಕಿಗಳು ಅದಲುಬದಲಾದ ತಪ್ಪು 9ರ ಪರೀಕ್ಷೆಗೆ ಸಿಕ್ಕಿಬೀಳುವುದಿಲ್ಲ. ಅಕ್ಕಪಕ್ಕದ ಎರಡು ಬೇರೆ ಬೇರೆ ಅಂಕಿಗಳು ಹಾಗೆ ಅದಲುಬದಲಾದರೆ 11ರ ಪರೀಕ್ಷೆಗೆ ಸಿಕ್ಕಿಬೀಳುತ್ತದೆ. ಎರಡನ್ನೂ ಮಾಡಲು ಇದೇ ಕಾರಣ.

ಏಳು ಅಂಕಿಗಳ ಜನಸಂಖ್ಯೆಯೊಂದು ಹೀಗೆ ಒಂದು ವರ್ಗದ 67 ಪಟ್ಟಾಗಿ ಬಿಡಿಸಿಕೊಳ್ಳುವುದು ಅಪರೂಪ. ಅದಕ್ಕಿಂತ ಸೋಜಿಗದ ಸಂಗತಿ ಆ ವರ್ಗಗಳಲ್ಲಿದೆ. 1ರಿಂದ 7ರವರೆಗಿನ ಸಂಖ್ಯೆಗಳ ಗುಣಲಬ್ಧ, ಅಂದರೆ ಏಳರ ಫ್ಯಾಕ್ಟೋರಿಯಲ್, 5040. ಅದಕ್ಕೆ ಒಂದು ಸೇರಿಸಿದರೆ 71ರ ವರ್ಗ. ನಾಲ್ಕರ ಫ್ಯಾಕ್ಟೋರಿಯಲ್ 24. ಅದಕ್ಕೆ ಒಂದು ಸೇರಿಸಿದರೆ 5ರ ವರ್ಗ. ಫ್ಯಾಕ್ಟೋರಿಯಲ್‌ಗೆ ಒಂದು ಸೇರಿಸಿ ಪೂರ್ಣ ವರ್ಗ ಪಡೆಯುವ ಪ್ರಶ್ನೆಯನ್ನು ಫ್ರಾನ್ಸಿನ ಆನ್ರಿ ಬ್ರೋಕಾರ್ 1876ರಲ್ಲಿ ಎತ್ತಿದರು. 1913ರಲ್ಲಿ ಶ್ರೀನಿವಾಸ ರಾಮಾನುಜನ್ ಅದೇ ಪ್ರಶ್ನೆಯನ್ನು ಸ್ವತಂತ್ರವಾಗಿ ಕೇಳಿದರು. ಇಂದಿಗೂ ತಿಳಿದಿರುವ ಉತ್ತರಗಳು ಮೂರೇ: 25, 121 ಮತ್ತು 5041. ಇವುಗಳಲ್ಲಿ ಎರಡು ನಮ್ಮ ಸಂಖ್ಯೆಯೊಳಗೆ ಕುಳಿತಿವೆ. ಬೇರೆ ಉತ್ತರ ಇಲ್ಲವೆಂದು ಯಾರೂ ಸಾಧಿಸಿಲ್ಲ. ಪಕ್ಕಪಕ್ಕದ ಎರಡು ಸಂಖ್ಯೆಗಳ ಸ್ವಭಾವ ಎಷ್ಟು ಭಿನ್ನವಾಗಿರಬಲ್ಲದು ಎಂಬುದಕ್ಕೂ ಇದೇ ಉದಾಹರಣೆ: 5040ಕ್ಕೆ 60 ಭಾಜಕಗಳಿವೆ, 5041ಕ್ಕೆ ಮೂರೇ.

ಅವಿಭಾಜ್ಯ ಅಪವರ್ತನಗಳು ಸಿಕ್ಕ ಮೇಲೆ ಉಳಿದದ್ದೆಲ್ಲ ಹೆಚ್ಚು ಶ್ರಮವಿಲ್ಲದೆ ಬರುತ್ತದೆ. ಭಾಜಕಗಳ ಎಣಿಕೆಗೆ ಪ್ರತಿ ಘಾತಾಂಕಕ್ಕೂ ಒಂದು ಸೇರಿಸಿ ಗುಣಿಸಬೇಕು: 3 × 2 × 3 = 18. ಭಾಜಕಗಳ ಮೊತ್ತಕ್ಕೆ (1+5+25) × (1+67) × (1+71+5041), ಅಂದರೆ 31 × 68 × 5113 = 1,07,78,204. ಇದರಿಂದ ಸಂಖ್ಯೆಯನ್ನೇ ಕಳೆದರೆ ಉಳಿಯುವುದು 23,34,529. ತನ್ನ ಭಾಜಕಗಳ ಮೊತ್ತ ತನಗಿಂತ ಇಷ್ಟು ಕಡಿಮೆ ಇರುವುದರಿಂದ ಇದು ನ್ಯೂನ ಸಂಖ್ಯೆ. ಈ ಸಂಖ್ಯೆಗಿಂತ ಚಿಕ್ಕದಾಗಿದ್ದು ಅದರೊಡನೆ ಸಾಮಾನ್ಯ ಅಪವರ್ತನವಿಲ್ಲದ ಸಂಖ್ಯೆಗಳು ಎಷ್ಟು ಎಂಬ ಆಯ್ಲರ್ ಲೆಕ್ಕಕ್ಕೆ (25−5) × (67−1) × (5041−71), ಅಂದರೆ 20 × 66 × 4970 = 65,60,400. ಒಂದನ್ನು ಈ ಸಂಖ್ಯೆಯಿಂದ ಭಾಗಿಸಿ ದಶಮಾಂಶವಾಗಿ ಬರೆಯಲು ಹೊರಟರೆ, 5ರ ಘಾತ ಎರಡಾಗಿರುವುದರಿಂದ ಮೊದಲ ಎರಡು ಸ್ಥಾನಗಳು ಆವರ್ತನಕ್ಕೆ ಸೇರುವುದಿಲ್ಲ. ಅಲ್ಲಿಂದ ಮುಂದೆ 82,005 ಅಂಕಿಗಳ ಗುಂಪೊಂದು ಮರುಕಳಿಸುತ್ತಲೇ ಇರುತ್ತದೆ. 67ರ ಆವರ್ತನ 33, 71ರದು 35, 71²ರದು 35 × 71 = 2485; 33 ಮತ್ತು 2485ರ ಲಘುತಮ ಸಾಮಾನ್ಯ ಅಪವರ್ತ್ಯವೇ 82,005.

ಮೂರು ವರ್ಗಗಳ ಪ್ರಶ್ನೆಯೂ ಈಗ ಬಗೆಹರಿಯುತ್ತದೆ. 67 × 355² ಎಂದಿರುವುದರಿಂದ 67ನ್ನು ಮಾತ್ರ ಮೂರು ವರ್ಗಗಳಾಗಿ ಒಡೆದರೆ ಸಾಕು: 9 + 9 + 49. ಪ್ರತಿಯೊಂದರ ಮೂಲವನ್ನೂ 355ರಿಂದ ಗುಣಿಸಿದರೆ 1065² + 1065² + 2485² = 84,43,675. ನೋಟ್‌ಬುಕ್ಕಿನಲ್ಲಿ ಕೂಡಿಸಿ ನೋಡಿ: 11,34,225 ಎರಡು ಬಾರಿ, ಅದರ ಮೇಲೆ 61,75,225.

67 ಎಂಬ ಅಪವರ್ತನದ ಹೆಸರಿನಲ್ಲಿ ಇನ್ನೂ ದೊಡ್ಡ ಸಂಖ್ಯೆಯೊಂದರ ಕಥೆಯಿದೆ. 2ರ 67ನೆಯ ಘಾತದಿಂದ ಒಂದನ್ನು ಕಳೆದರೆ ಬರುವ 147573952589676412927 ಅವಿಭಾಜ್ಯವೆಂದು ಹದಿನೇಳನೇ ಶತಮಾನದಲ್ಲಿ ಮರ್ಸೆನ್ ಹೇಳಿದ್ದರು. ಅದು ಅವಿಭಾಜ್ಯವಲ್ಲವೆಂದು 1876ರಲ್ಲಿ ಲೂಕಾ ತೋರಿಸಿದರು, ಆದರೆ ಒಂದು ಅಪವರ್ತನವನ್ನೂ ಹೆಸರಿಸದೆ. 1903ರಲ್ಲಿ ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ 193707721 × 761838257287 ಎಂದು ಬಿಡಿಸಿ ತೋರಿಸುವ ಹೊತ್ತಿಗೆ 27 ವರ್ಷ ಕಳೆದಿತ್ತು. ಸಂಖ್ಯೆ ಅವಿಭಾಜ್ಯವೇ ಎಂಬುದು ಒಂದು ಪ್ರಶ್ನೆ, ಅದರ ಅಪವರ್ತನಗಳು ಯಾವುವು ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಯಾವ ಸಂಖ್ಯೆಗಾದರೂ ಅಂಕಿಗಳ ಎಣಿಕೆಗೆ ತಕ್ಕ ಮಿತಿಯಲ್ಲಿ ಖಚಿತ ಉತ್ತರ ಕೊಡುವ ವಿಧಾನವನ್ನು 2002ರಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಕಂಡುಹಿಡಿದರು. ಕಯಾಲ್ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಸೇರಿದರು. ಎರಡನೆಯ ಪ್ರಶ್ನೆಗೆ ಸಾಮಾನ್ಯ ಕಂಪ್ಯೂಟರುಗಳಲ್ಲಿ ಅಂಥ ವೇಗದ ವಿಧಾನ ತಿಳಿದಿಲ್ಲ. ಕಾಗದದ ಮೇಲಂತೂ ಸಂಖ್ಯೆಗೆ ಎರಡು ಅಂಕಿ ಸೇರಿದರೆ ವರ್ಗಮೂಲ ಹತ್ತು ಪಟ್ಟಾಗುತ್ತದೆ. ಹಾಗಾಗಿ ಎಂಟು, ಒಂಬತ್ತು ಅಂಕಿಗಳಲ್ಲಿ ನಿಲ್ಲುವುದು ವಿವೇಕ.

ಅಭ್ಯಾಸಕ್ಕೆ ಬೆಂಗಳೂರಿನ ಜನರಲ್ ಪೋಸ್ಟ್ ಆಫೀಸಿನ ಪಿನ್ ಕೋಡ್ 560001 ತೆಗೆದುಕೊಳ್ಳಿ. ಗುಂಪು ಮಾಡಿದರೆ 1 − 560 = −559, ಇದು 13 × 43; ಆದ್ದರಿಂದ 13 ಒಂದು ಅಪವರ್ತನ. ಅಂಕಿಗಳ ಮೊತ್ತ 12, ಆದ್ದರಿಂದ 3 ಇನ್ನೊಂದು. ಎರಡನ್ನೂ ತೆಗೆದರೆ 14359 ಉಳಿಯುತ್ತದೆ. ಇಲ್ಲಿ ಒಂದೊಂದೇ ಅವಿಭಾಜ್ಯದಿಂದ ಭಾಗಿಸುವ ಬದಲು ಫರ್ಮಾ ಅವರ ವಿಧಾನ ಹಿಡಿಯಿರಿ: ವರ್ಗಮೂಲಕ್ಕಿಂತ ಸ್ವಲ್ಪ ದೊಡ್ಡ 120ರಿಂದ ಆರಂಭಿಸಿ ಪ್ರತಿ ಸಂಖ್ಯೆಯ ವರ್ಗದಿಂದ 14359ನ್ನು ಕಳೆಯುತ್ತ, ಉಳಿದದ್ದು ಪೂರ್ಣ ವರ್ಗವೇ ಎಂದು ನೋಡುತ್ತ ಹೋಗಬೇಕು. 41, 282, 525, 770, 1017, 1266, 1517, 1770 ಯಾವುದೂ ವರ್ಗವಲ್ಲ. 128ರಲ್ಲಿ 16384 − 14359 = 2025, ಇದು 45ರ ವರ್ಗ. ಆದ್ದರಿಂದ 14359 = (128 − 45)(128 + 45) = 83 × 173. ಎರಡು ಅಪವರ್ತನಗಳು ಹತ್ತಿರ ಇದ್ದಾಗ ಮಾತ್ರ ಇದು ಇಷ್ಟು ಬೇಗ ಫಲಿಸುತ್ತದೆ. 337747ಕ್ಕೆ ಇದೇ ವಿಧಾನ ಹಿಡಿದರೆ 582ರಿಂದ ಹೊರಟು 2414ರವರೆಗೆ ನಡೆಯಬೇಕಾಗುತ್ತದೆ.

560001ನ್ನು 4ರಿಂದ ಭಾಗಿಸಿದರೆ ಶೇಷ 1. ಎರಡು ವರ್ಗಗಳ ಮೊತ್ತವಾಗಲು ಈ ಶೇಷ ಅಡ್ಡಿ ಮಾಡುವುದಿಲ್ಲ, ಆದರೆ ಅಡ್ಡಿ ಇಲ್ಲವೆಂದ ಮಾತ್ರಕ್ಕೆ ಮೊತ್ತ ಸಿಕ್ಕೇ ಸಿಗುತ್ತದೆ ಎಂದಲ್ಲ. ಎರಡು ವರ್ಗಗಳ ಮೊತ್ತ 3ರಿಂದ ಭಾಗವಾಗಬೇಕಾದರೆ ಆ ಎರಡು ಸಂಖ್ಯೆಗಳೂ 3ರಿಂದ ಭಾಗವಾಗಬೇಕು, ಆಗ ಮೊತ್ತ 9ರಿಂದಲೂ ಭಾಗವಾಗಬೇಕು. 560001ರ ಅಂಕಿಗಳ ಮೊತ್ತ 12 ಆದ್ದರಿಂದ ಅದು 3ರಿಂದ ಭಾಗವಾಗುತ್ತದೆ, 9ರಿಂದ ಭಾಗವಾಗುವುದಿಲ್ಲ. ಹೀಗಾಗಿ ಈ ಪಿನ್ ಕೋಡ್ ಕೂಡ ಯಾವ ಎರಡು ವರ್ಗಗಳ ಮೊತ್ತವೂ ಅಲ್ಲ.